ಎಡದವಡೆಯೋ ಬಲದವಡೆಯೋ

"ಸಾರ್, ನಿಮ್ ನಾಯಿ ಎಡದವಡೇಲಿ ಅಗೀತೈತಾ, ಬಲದವಡೇಲಾ?"

ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಬೊಂಬೆ ಕಡೆದ ಖಾಸಿಂ ಭಾಯ್ ಕೇಳಿದ ಪ್ರಶ್ನೆ ಇದು. ಮರದ ತೇವಾಂಶ, ನಾರಿನ ದಿಕ್ಕು, ತೊಗಟೆಯ ಹಾಲು, ಎಲ್ಲವನ್ನೂ ಓದಿಕೊಂಡು ಹೋಗಿದ್ದೆ, ದವಡೆಯನ್ನು ಗಮನಿಸಿರಲಿಲ್ಲ.

ನಮ್ಮ ನಾಯಿ ಕೆಂಚ, ಬಣ್ಣ ಬಳಿದ ಮರದ ಬೊಂಬೆಯೊಂದನ್ನು ಕಡಿದು ನುಂಗಿ ಶಸ್ತ್ರಚಿಕಿತ್ಸೆಯಿಂದ ಬದುಕಿಕೊಂಡಿತ್ತು. ಇನ್ನೊಂದು ಸೀಳು ಕರುಳಿಗಿಳಿದರೆ ಉಳಿಯದೆಂದು ವೈದ್ಯರು ಎಚ್ಚರಿಸಿದ್ದರು. ಆದರೂ ಅದು ಕಡಿಯುವುದನ್ನು ಬಿಡಲಿಲ್ಲ. ಬಾಗಿಲ ಚೌಕಟ್ಟು ಅರ್ಧ ಮುಗಿದಿತ್ತು. ನನಗೆ ಬೇಕಾದದ್ದು ಅದಕ್ಕೆ ಕಡಿಯಲು ಸೀಳದ, ಬಣ್ಣವಿಲ್ಲದ ಒಂದು ತುಂಡು ಮರ, ಅಷ್ಟೇ.

ಖಾಸಿಂ ಭಾಯ್ ಮನೆಯ ಹಿತ್ತಲಲ್ಲೇ, ಬೊಂಬೆಗೆ ಬಳಸುವ ಹಾಲೆ ಮರದ ಕೊಂಬೆಯ ತೊಗಟೆ ಸುಲಿದರು, ತುಂಡುಗಳನ್ನು ಹಂಡೆಯಲ್ಲಿ ಕುದಿಸಿದರು, ನೆರಳಿನಲ್ಲಿ ಒಣಗಲಿಟ್ಟರು. ಎರಡು ತಿಂಗಳ ಕಾಲ ನಾನು ಹೋದಾಗಲೆಲ್ಲ ತುಂಡನ್ನು ನಾಲಿಗೆಗೆ ತಾಗಿಸಿ, "ಇನ್ನೂ ಅಸಿ ಐತೆ" ಎಂದರು. ತೂಕ ಮಾಡಿ ನೋಡೋಣವೆಂದರೆ, "ತಕ್ಕಡಿಗೆ ರುಚಿ ಗೊತ್ತಾಯ್ತದಾ ಸಾರ್?"

ಕೊನೆಗೊಂದು ದಿನ ತುಂಡನ್ನು ಲೇತಿಗೇರಿಸಿದರು. ಅಂಚು ಗುಂಡಗಾಯಿತು, ಉಪ್ಪುಕಾಗದದ ಉಜ್ಜಾಟ ಮುಗಿಯಿತು. ಅಷ್ಟರಲ್ಲಿ ಅವರ ಬಲಗೈ ತಾನಾಗಿಯೇ ಬಣ್ಣದ ಅರಗಿನ ಕಡ್ಡಿ ಹಿಡಿದು ತಿರುಗುವ ಮರಕ್ಕೆ ಒತ್ತಿಬಿಟ್ಟಿತು. ಕೆಂಪು ಪಟ್ಟಿಯೊಂದು ಮೂಡಿತು.

"ಭಾಯ್! ಬಣ್ಣ ಬೇಡ ಅಂತ ಎಷ್ಟು ಸಲ ಹೇಳೋದು?"

"ಅರೆ, ಕೈ ಮಾತು ಕೇಳಕಿಲ್ಲ ಸಾರ್. ಬಣ್ಣ ಇಲ್ದೆ ಕಳ್ಸೋದು ಅಂದ್ರೆ ಮಗೂನ ಚಡ್ಡಿ ಇಲ್ದೆ ಮದ್ವೆಗೆ ಕಳ್ಸಿದಂಗೆ."

ಒಳಗಿನಿಂದ ಅವರ ಹೆಂಡತಿ ಗುಲ್ಜಾರ್ ಬೀ ಕೂಗಿದರು: "ಚಾ ಕುಡಿಯೋ ಲೋಟಕ್ಕೂ ಒಸಿ ಅರಗು ಬಳೀರಿ!"

ಮತ್ತೆ ಹೊಸ ತುಂಡು, ಮತ್ತೆ ಕುದಿಸು, ಮತ್ತೆ ಒಣಗಿಸು. ನಾಲ್ಕನೆಯ ತಿಂಗಳಲ್ಲಿ ಬಣ್ಣವಿಲ್ಲದ ತುಂಡು ಕೈಗೆ ಬಂತು.

"ಇದು ಸೀಳಲ್ಲ ಅನ್ನೋಕೆ ಆಧಾರ ಏನು? ಪರೀಕ್ಷೆ ಮಾಡಿದ್ದೀರಾ?"

"ಆಗೈತೆ."

"ಯಾರು ಮಾಡಿದ್ದು?"

"ಆಗೈತೆ ಅಂದ್ನಲ್ಲ ಸಾರ್! ದವಡೆ ನೋಡ್ಕೊಂಡ್ ಬಂದ್ರಾ?"

ನೋಡಿದ್ದೆ. "ಎಡಗಡೆ."

"ಹಂಗಾರೆ ತಕಂಡೋಗಿ."

ಉತ್ತರವೇ ಅಲ್ಲದ ಆ ಉತ್ತರಕ್ಕೆ ಗೊಣಗುತ್ತ ತುಂಡನ್ನು ಮನೆಗೆ ತಂದೆ. ಒಂದು ವಾರ ಕೆಂಚನ ಪಕ್ಕದಲ್ಲೇ ಕುಳಿತು ಕಾದೆ. ಹಲ್ಲಿನ ಗುರುತು ಬಿತ್ತು; ಸೀಳು ಏಳಲಿಲ್ಲ.

ಕಳೆದ ವರ್ಷ ಖಾಸಿಂ ಭಾಯ್ ತೀರಿಕೊಂಡರು. ಮನೆಯವರನ್ನು ಕಂಡು ಬರಲು ಹೋದಾಗ ಗುಲ್ಜಾರ್ ಬೀ ನನ್ನ ಮುಂದೆ ಚೀಲವೊಂದನ್ನು ಸುರಿದರು. ಹದಿನಾಲ್ಕು ಹಾಲೆಯ ತುಂಡುಗಳು. ಎಲ್ಲವೂ ಸೀಳಿದ್ದವು, ಎಲ್ಲಕ್ಕೂ ಹಲ್ಲಿನ ಗುರುತು.

"ನಿಮ್ ನಾಯಿಗೆ ಅಂತ ಇವ್ರೇ ಕೂತ್ಕೊಂಡು ಬಾಯಲ್ಲಿ ಕಡ್ದು ನೋಡ್ತಿದ್ರು. ಬಲಗಡೆ ಒಂದ್ ಹಲ್ಲೂ ಇರ್ಲಿಲ್ಲ ನೋಡಿ, ಎಲ್ಲಾ ಎಡಗಡೇಲೇ."