ಜನರಲ್ ಸಾಹೇಬನಿಗೆ ಹೇಳಿದ ಶರಣ್ರಿ

ಬೆಂಗಳೂರಿನ ಆ ವಾರಪತ್ರಿಕೆಯ ಸಂಪಾದಕರ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು, ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನಲಿ. ನಾನು ಬರೆದ ಒಂದೇ ಒಂದು ಕಾದಂಬರಿಯನ್ನು ಅವರು ಒಂದು ಮಾತು ತಿದ್ದಿ ಕೆಡಿಸಿದರು. ಅದರ ಪೆಟ್ಟು ಬಿದ್ದದ್ದು ನನಗಿಂತ ಹೆಚ್ಚಾಗಿ ನನ್ನ ಸೋದರಮಾವನಿಗೆ.

ಆಗಿನ್ನೂ ಎಂಬತ್ತರ ದಶಕದ ಆರಂಭ. ನಾನು ಹುನಗುಂದದಲ್ಲಿ ಹೈಸ್ಕೂಲಿನ ಮಕ್ಕಳಿಗೆ ಇತಿಹಾಸ ಕಲಿಸುತ್ತಿದ್ದೆ. ಸಂಜೆ ಮನೆಗೆ ಬಂದು ಕಾದಂಬರಿ ಬರೆಯುತ್ತಿದ್ದೆ. ಮದರಾಸಿನ ಬಂದರಿನಲ್ಲಿ ಬರಿಗೈಯಲ್ಲಿ ಇಳಿದ ಒಬ್ಬ ಬಿಳಿ ಹುಡುಗ ಕಂಪನಿ ಸರಕಾರದ ಫೌಜು ಸೇರಿ, ಯುದ್ಧದ ಮೇಲೆ ಯುದ್ಧ ಮಾಡಿ, ಕೊನೆಗೆ ಜನರಲ್ ಆಗುವ ಕಥೆ. ಆ ಮನುಷ್ಯನನ್ನು ನಾನೇ ಕಟ್ಟಿದ್ದೆ. ಆದರೆ ಅವನು ಬಾದಾಮಿ ಕೋಟೆ ಹಿಡಿಯುವ ಅಧ್ಯಾಯ ನಾನು ಕಟ್ಟಿದ್ದಲ್ಲ, ಅದು ನನ್ನ ಅವ್ವನ ತವರುಮನೆಯದು.

ನನ್ನ ಅವ್ವನ ಮನೆತನ ಬಾದಾಮಿಯಲ್ಲಿ ಕೋಟೆಯ ಬಾಗಿಲು ಕಾಯುತ್ತಿದ್ದ ಮನೆತನ. ಬಿಳಿಯರ ತೋಪಿಗೆ ಗೋಡೆ ಒಡೆದು ಉಳಿದವರೆಲ್ಲ ಗುಡ್ಡ ಇಳಿದು ಹೋದ ಮೇಲೂ ನಮ್ಮ ಮುತ್ತಜ್ಜನ ಅಪ್ಪ ಮೇಲಿನ ಬಾಗಿಲಲ್ಲಿ ನಿಂತಿದ್ದನಂತೆ. ಜನರಲ್ ಎದುರಿಗೆ ಬಂದಾಗ ಕೈಯಲ್ಲಿ ಕತ್ತಿ ಇಟ್ಟುಕೊಂಡೇ "ಶರಣ್ರಿ" ಅಂದನಂತೆ. ನಮ್ಮ ಕಡೆ ಬಸವಣ್ಣನವರ ಒಕ್ಕಲಿನವರೆಲ್ಲ ಎದುರಾದವರಿಗೆ ಅನ್ನುವ ಮಾತು ಅದು. ಬೀಗರು ಬಂದರೂ ಶರಣ್ರಿ, ಕಂದಾಯ ವಸೂಲಿಯ ಮುಲ್ಕಿ ಸಾಹೇಬರು ಬಂದರೂ ಶರಣ್ರಿ, ಹಾಲು ಹಾಕುವವಳಿಗೂ ಶರಣ್ರಿ. ಅದರಲ್ಲಿ ಮೇಲಿನವನಿಲ್ಲ, ಕೆಳಗಿನವನಿಲ್ಲ. ಜನರಲ್ ಕತ್ತಿ ಕೆಳಗಿಡು ಅಂದರೆ ನಮ್ಮ ಹಿರಿಯ ಇಡಲಿಲ್ಲ. ಅಲ್ಲೇ ಗುಂಡು ಹೊಡೆದರು. ನನ್ನ ಕಾದಂಬರಿಯಲ್ಲಿ ಆ ಜನರಲ್ ಸಾಯುವ ತನಕ ಒಂದೇ ಚಿಂತೆ ಮಾಡುತ್ತಾನೆ: ತನ್ನನ್ನು ಸರಿಸಮಾನನಂತೆ ಮಾತಾಡಿಸಿದವನನ್ನು ತಾನು ಯಾಕೆ ಕೊಲ್ಲಿಸಿದೆ ಅಂತ.

ಈ ಕಥೆ ಹೇಳಿದವನು ನನ್ನ ಮಾವ. ಅವನಿಗೆ ಆಗ ಕಣ್ಣು ಪೂರ್ತಿ ಹೋಗಿದ್ದವು. ಸಾಯುವ ಮೊದಲು ಆ ಮಾತು ಅಚ್ಚಿನಲ್ಲಿ ಬರಬೇಕು, ನಾಲ್ಕು ಮಂದಿ ಓದಬೇಕು, ಇಷ್ಟೇ ಅವನ ಆಸೆ. ಕಾದಂಬರಿ ಧಾರಾವಾಹಿಯಾಗಿ ಬರತೊಡಗಿದ ಮೇಲೆ ರವಿವಾರ ರವಿವಾರ ನಾನು ಬಸ್ಸು ಹತ್ತಿ ಬಾದಾಮಿಗೆ ಹೋಗಿ ಓದಿ ಹೇಳುತ್ತಿದ್ದೆ. ಓಣಿಯ ಹಿರಿಯರು ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಮಾವ ಅವತ್ತು ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ತೊಳೆದ ಧೋತ್ರ ಉಟ್ಟು ತಯಾರಾಗಿರುತ್ತಿದ್ದ.

ಬಾದಾಮಿಯ ಅಧ್ಯಾಯ ಬಂದ ವಾರ ಪತ್ರಿಕೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕೊಂಡೆ. ಬಸ್ಸಿನಲ್ಲಿ ಕೂಡಲು ಜಾಗ ಸಿಗಲಿಲ್ಲ, ಓದಲೂ ಆಗಲಿಲ್ಲ. ನಾನೇ ಬರೆದದ್ದು, ಮೊದಲೇ ಓದಿಕೊಳ್ಳುವುದೇನಿದೆ ಅಂತ ನೇರ ಕಟ್ಟೆಗೆ ಹೋಗಿ ಜೋರಾಗಿ ಓದತೊಡಗಿದೆ. ಗೋಡೆ ಒಡೆಯಿತು. ಜನರಲ್ ಮೇಲೆ ಹತ್ತಿದ. ಬಾಗಿಲಿಗೆ ಬಂದ. ನನ್ನ ಬಾಯಿಂದ ಬಂದದ್ದು ಇದು: "ನಾವು ನಿಮಗೆ ಶರಣಾಗಿದ್ದೇವೆ, ಪ್ರಭುಗಳೇ!"

ನಾಲಿಗೆ ಅಲ್ಲೇ ನಿಂತಿತು.

"ಮುಂದ ಓದವ್ವ," ಅಂದ ಮಾವ.

ಓದಿದೆ. ನಮ್ಮ ಹಿರಿಯ ಕತ್ತಿಯನ್ನು ಜನರಲ್‌ನ ಪಾದದ ಹತ್ತಿರ ಇಟ್ಟು ಅಡ್ಡ ಬೀಳುತ್ತಾನೆ. ಜನರಲ್ ಅವನ ಭುಜ ಹಿಡಿದೆತ್ತಿ ಕತ್ತಿಯನ್ನು ತಿರುಗಿ ಕೊಡುತ್ತಾನೆ. ಎಂಥ ದೊಡ್ಡ ಮನಸ್ಸು! ಗುಂಡೂ ಇಲ್ಲ, ಸಾವೂ ಇಲ್ಲ. ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು.

"ನಮ್ಮ ಮುತ್ತಜ್ಜ ಕಾಲಿಗೆ ಬಿದ್ದನೇನು? ಹಂಗ ಬರದಿಯೇನು ನೀ?"

"ನಾ ಬರದಿಲ್ಲ ಮಾಮಾ. ಅವರು ತಿದ್ಯಾರ."

"ಮ್ಯಾಲ ಹೆಸರು ಯಾರದೈತಿ?"

"ನಂದೇ."

ಮಾವ ಎದ್ದ. ಗೋಡೆ ಹಿಡಿದುಕೊಂಡು ಒಳಗೆ ಹೋದ.

ಶಾಲೆಗೆ ರಜೆ ಹಾಕಿ ಬೆಂಗಳೂರಿಗೆ ಹೋದೆ. ಅದು ಕನ್ನಡಕ್ಕಾಗಿ ಊರೂರಲ್ಲಿ ಮೆರವಣಿಗೆ ನಡೆಯುತ್ತಿದ್ದ ಕಾಲ. ಆ ಸಂಪಾದಕರು ವಾರ ವಾರ ಕನ್ನಡದ ಮಾನ ಕಾಪಾಡಿ ಅಂತ ಬರೆಯುತ್ತಿದ್ದರು. ಯಾವ ಕನ್ನಡದ ಮಾನವೋ ಏನೋ.

"ಶರಣ್ರಿ," ಅಂದು ಒಳಗೆ ಹೋದೆ.

"ಬನ್ನಿ ಬನ್ನಿ, ಕೂತ್ಕೊಳ್ಳಿ. ನಿಮ್ಮ ಕೋಟೆ ಪ್ರಸಂಗಕ್ಕೆ ಎಷ್ಟು ಮೆಚ್ಚುಗೆ ಬಂದಿದೆ ಗೊತ್ತೇನಮ್ಮ?"

"ಅದು ನನ್ನ ಪ್ರಸಂಗ ಅಲ್ರಿ. ನಮ್ಮ ಹಿರಿಯ ಶರಣಾಗಲಿಲ್ಲ."

"ನೀವೇ ಬರೆದಿದ್ದೀರಲ್ಲ, ಅವನು ಶರಣು ಅಂದ ಅಂತ. ಶರಣು ಅಂದ ಮೇಲೆ ಮತ್ತೆ ಕತ್ತಿ ಹಿಡಿದು ನಿಂತ ಅಂದ್ರೆ ಹೊಂದೋದಿಲ್ಲ. ಅದಕ್ಕೇ ಸ್ವಲ್ಪ ಸರಿ ಮಾಡಿದೆ. ನಿಮ್ಮ ಕಡೆ ಭಾಷೆ ನಮ್ಮ ಓದುಗರಿಗೆ ಅರ್ಥವಾಗಬೇಕಲ್ಲ?"

"ನಾ ಈಗ ನಿಮಗ ಶರಣ್ರಿ ಅಂತಂದು ಒಳಗ ಬಂದೇನಿ. ನಾ ನಿಮಗ ಶರಣಾದೆನೇನ್ರಿ?"

ಅವರು ನಕ್ಕರು. ಆ ನಗುವೇ ನನಗೆ ಇವತ್ತಿಗೂ ಮೈ ಉರಿಸುತ್ತದೆ. ತಪ್ಪಾಯಿತು ಅಂತ ಒಂದು ಸಾಲು ಹಾಕಿರಿ ಅಂದೆ. ಕಾದಂಬರಿಗೆ ಯಾರಾದರೂ ತಿದ್ದುಪಡಿ ಹಾಕುತ್ತಾರೆಯೇ ಅಂದರು. ಹಾಗಾದರೆ ನನ್ನ ಹೆಸರು ತೆಗೆಯಿರಿ, ಮುಂದಿನ ಅಧ್ಯಾಯ ಕೊಡುವುದಿಲ್ಲ ಅಂದೆ. ಅದಕ್ಕೆ ಮಾತ್ರ ಒಪ್ಪಿದರು. ಬೇರೆ ಯಾರ ಕೈಯಿಂದಲೋ ಬರೆಸಿ ಮುಗಿಸಿದರು. ಆ ಜನರಲ್ ಕೊನೆಗೆ ಮದರಾಸಿನಲ್ಲಿ ಬಡವರ ಬಂಧುವಾಗಿ ಕಣ್ಣು ಮುಚ್ಚಿದನಂತೆ.

ಬಾದಾಮಿಗೆ ಹೋಗಿ ಮಾವನಿಗೆ ನನ್ನ ಕೈಬರಹದ ಅಧ್ಯಾಯ ಓದಿ ಹೇಳಿದೆ. ಶರಣ್ರಿ, ಕತ್ತಿ, ಗುಂಡು, ಎಲ್ಲ ಇದ್ದ ಹಾಗೆ. ಅವನು ಕೊನೆಯ ತನಕ ಕೇಳಿದ.

"ಚಲೋ ಬರದಿ ತಂಗಿ," ಅಂದ. "ಆದ್ರ ಇದನ್ನ ಕೇಳಿದಾಂವ ನಾ ಒಬ್ಬನ. ಅದನ್ನ ಓದಿದವರು ಊರ ತುಂಬ ಅದಾರ."

ಆಮೇಲೆ ಅವನು ಕಟ್ಟೆಗೆ ಬಂದು ಕೂಡುವುದು ಬಿಟ್ಟ. ಮರುವರ್ಷ ಬೇಸಿಗೆಯಲ್ಲಿ ತೀರಿಕೊಂಡ.

ಮಣ್ಣಿನ ಕಾರ್ಯ ಮುಗಿದ ಮೇಲೆ ಸಮಾಜದವರು ಸಭೆ ಇಟ್ಟುಕೊಂಡರು. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಿಂದ ಒಬ್ಬ ಪ್ರೊಫೆಸರರು ಮಾತಾಡಲು ಬಂದಿದ್ದರು. ಮಾವನ ಗುಣ, ನಡತೆ ಎಲ್ಲ ಹೊಗಳಿದರು. ಆಮೇಲೆ ಪ್ರೀತಿಯಿಂದಲೇ ಹೇಳಿದರು: "ಇದು ಸಾಮಾನ್ಯ ಮನೆತನ ಅಲ್ಲ. ಇವರ ಹಿರಿಯರು ಜನರಲ್ ಸಾಹೇಬರಿಗೆ ಶರಣಾಗಿ, ಅವರ ಕೈಯಿಂದಲೇ ಕತ್ತಿ ತಿರುಗಿ ಪಡೆದವರು."

ಮಂದಿ ತಲೆದೂಗಿದರು. ಮಾವನ ಮಗನೂ ಕೈ ಮುಗಿದುಕೊಂಡು ತಲೆದೂಗಿದ. ಆ ಕಟ್ಟೆಯ ಮೇಲೆ ಕೂತು ಖರೆ ಕಥೆ ಕೇಳಿ ಬೆಳೆದವನು ಅವನು.

ನಾನು ಎದ್ದು ನಿಂತೆ. "ಸುಳ್ಳು," ಅಂದೆ.

ಮಾವನ ಮಗ ನನ್ನ ಸೆರಗು ಹಿಡಿದು ಮೆಲ್ಲಗೆ ಜಗ್ಗಿದ. "ಕೂಡ್ರಬೇ, ಚಲೋದ ಹೇಳಾಕತ್ತಾರ. ಸತ್ತಾಂವ ನಮ್ಮಪ್ಪ, ನನಗ ಬ್ಯಾಸರಿಲ್ಲ, ನಿನಗ್ಯಾಕ?"

ಅವನ ಕೈ ಕೊಡವಿದೆ. ಕೂಡಲಿಲ್ಲ.