ತಲೆ ಹಸಿರಾದ ಭಾನುವಾರ

ಸ್ನೇಹಿತರೇ, ಇವತ್ತು ನನ್ನ ತಲೆ ಹಸಿರಾಗಿದೆ. ನಗುವವರು ನಕ್ಕು ಮುಗಿಸಿ, ಆಮೇಲೆ ಓದಿ.

ನನ್ನ ಹೆಂಡತಿ ತೀರ್ಥಹಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ವರ್ಗವಾದ ಮೇಲೆ ಅಲ್ಲೇ ರೂಮು ಮಾಡಿಕೊಂಡಿದ್ದಾಳೆ. ರಜೆ ಸಿಕ್ಕ ಭಾನುವಾರ ಮಾತ್ರ ಸಾಗರದ ನಮ್ಮ ಮನೆಗೆ ಬರುತ್ತಾಳೆ. ಈ ಸಲ ಬಂದು ತಿಂಗಳ ಮೇಲಾಗಿತ್ತು. ಇವತ್ತು ಬರುತ್ತೇನೆ ಎಂದಿದ್ದಳು. ನರೆತ ತಲೆಯಲ್ಲಿ ಅವಳೆದುರು ನಿಲ್ಲಲು ಮನಸ್ಸಾಗದೆ ಬೆಳಿಗ್ಗೆಯೇ ಇಂಡಿಗೊ ಪುಡಿ ಕಲಸಿ ಹಚ್ಚಿಕೊಂಡೆ. ಅದಕ್ಕೂ ಮೊದಲು ಮೆಹಂದಿ ಹಚ್ಚಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ತೊಳೆದು ಕನ್ನಡಿ ನೋಡಿದರೆ ಬಿಳಿ ಕೂದಲೆಲ್ಲ ಹಸಿರು!

ಅಷ್ಟರಲ್ಲಿ ಅವಳ ವಿಡಿಯೊ ಕರೆ ಬಂತು. "ಡ್ಯೂಟಿ ಹಾಕ್ಬಿಟ್ರು ಮಾರಾಯ್ರೇ, ಇವತ್ತು ಬರಕ್ಕಾಗಲ್ಲ" ಎನ್ನುತ್ತಿದ್ದವಳು ಅರ್ಧಕ್ಕೇ ನಿಂತಳು. "ಎಂತ ಅದು ತಲೆ ಮೇಲೆ? ಪಾಚಿ ಕಟ್ಟಿದ್ಯಾ?"

"ನೀನು ಬರ್ತೀಯ ಅಂತ ಹಚ್ಕೊಂಡೆ" ಎಂದೆ.

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ಆ ನಗು ಈ ಮನೆಯೊಳಗೆ ಕೇಳಿಸಿ ಎಷ್ಟು ಕಾಲವಾಯಿತು ಎಂದು ನನಗೆ ಆಗ ಅನ್ನಿಸಿತು.

"ಏನೂ ಮಾಡ್ಬೇಡಿ, ಹಾಗೇ ಇರ್ಲಿ. ಯಾರ ಹತ್ರನಾದ್ರೂ ಡ್ಯೂಟಿ ಬದಲಾಯಿಸ್ಕೊಂಡು ನಾಳೆ ಸಂಜೆ ಬರ್ತೀನಿ. ಇದನ್ನ ಕಣ್ಣಾರೆ ನೋಡ್ಬೇಕು" ಎಂದಳು.

ಪಕ್ಕದ ಮನೆಯ ಅಕ್ಕ ಈಗಷ್ಟೇ ಬಂದು ಸಮಾಧಾನ ಹೇಳಿ ಹೋದರು: "ಹೆದರ್ಬೇಡಿ, ಗಾಳಿ ತಾಗಿ ನಾಳೆಯೊಳಗೆ ತಾನಾಗೇ ಕಪ್ಪಾಗತ್ತೆ."

ನನಗೆ ಹೆದರಿಕೆ ಶುರುವಾಗಿದ್ದೇ ಆಮೇಲೆ. ಇನ್ನೊಂದು ದಿನ ಹಸಿರನ್ನು ಉಳಿಸಿಕೊಳ್ಳುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬೇಗ ತಿಳಿಸಿ.