ಒಡಪಿನೊಳಗಿನ ಹೆಸರು

ಗಿರಣಿ ದೊಡ್ಡವ್ವನ ಕಣ್ಣುರೆಪ್ಪೆಗಳು ಸದಾ ಬೆಳ್ಳಗಿರುತ್ತಿದ್ದವು. ಎಷ್ಟು ಮುಖ ತೊಳೆದರೂ ಜೋಳದ ಹಿಟ್ಟು ಅಲ್ಲಿಂದ ಪೂರ್ತಿ ಹೋಗುತ್ತಿರಲಿಲ್ಲ. ಕುಕನೂರಿನ ನಮ್ಮ ಓಣಿಯ ಹಿಟ್ಟಿನ ಗಿರಣಿ ಅವರದು. ಸಂಬಂಧದಲ್ಲಿ ನಮಗೆ ಏನೂ ಅಲ್ಲ. ಆದರೆ ಸಾಲೆ ಬಿಟ್ಟ ಮೇಲೆ ಅವ್ವ ಹೊಲದಿಂದ ಬರುವವರೆಗೆ ನಾನಿರುತ್ತಿದ್ದುದು ಅಲ್ಲಿಯೇ. ಡಬ್ಬಿಯ ಮುಚ್ಚಳದ ಮೇಲೆ ಹಿಟ್ಟು ಹರವಿ ಬೆರಳಿನಿಂದ ಮಗ್ಗಿ ಬರೆಯುತ್ತಿದ್ದೆ. ತಪ್ಪಿದರೆ ದೊಡ್ಡವ್ವ ಅಂಗೈಯಿಂದ ಒರೆಸಿ, "ಮತ್ತ ಬರಿ. ಇಲ್ಲೇನ್ ಹಾಳಿ ಖರ್ಚಾಗತೈತೇನ?" ಎನ್ನುತ್ತಿದ್ದರು. ಎಷ್ಟು ಸಲ ತಪ್ಪಿದರೂ ಅವರು ನನ್ನನ್ನು ಹೊರಗೆ ಹಾಕಲಿಲ್ಲ.

ಗಂಡನ ಹೆಸರನ್ನು ಅವರು ಬಾಯಲ್ಲಿ ತರುತ್ತಿರಲಿಲ್ಲ. ಗಿರಣಿಯ ಸದ್ದಿನಲ್ಲಿ ಕರೆಯಬೇಕಾದರೆ ಅಳತೆಯ ಚಟಾಕಿನಿಂದ ಡಬ್ಬಿಗೆ ಎರಡೇಟು ಹಾಕುತ್ತಿದ್ದರು; ದೊಡ್ಡಪ್ಪ ಬರುತ್ತಿದ್ದರು. ಹೆಸರು ಹೇಳುತ್ತಿದ್ದುದು ಪ್ರಾಸ ಕಟ್ಟಿದ ಒಡಪಿನಲ್ಲಿ ಮಾತ್ರ. ಯಾರದೋ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಸೆರಗು ಸರಿಮಾಡಿಕೊಂಡು ಹೇಳುತ್ತಿದ್ದರು:

"ಗಿರಣಿ ಗಾಲಿ ಗರಗರ, ಜ್ವಾಳದ ಹಿಟ್ಟು ಸರಸರ, ಸಿಟ್ಟು ಬಂದ್ರ ಮೀಸಿ ತಿರುವಿ ನಗತಾರ ನಮ್ಮ..."

ಆಮೇಲೆ ಹೆಸರು. ಅದನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಆ ಹಿಟ್ಟಿನ ಧೂಳೇ ಕೊನೆಗೆ ಅವರ ಎದೆಯಲ್ಲಿ ಕೂತಿತು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿದ್ದೆವು. ಎರಡನೆಯ ಸಲ ಹೋಗುವ ಹೊತ್ತಿಗೆ ಅಲ್ಲಿ ಡಾಕ್ಟರನ್ನು ಕಾಣುವ ಪಾಳಿಯನ್ನು ಫೋನಿನಲ್ಲಿ ಕೊಡುವುದನ್ನು ನಿಲ್ಲಿಸಿದ್ದರು. ಎಲ್ಲವೂ ವೆಬ್‌ಸೈಟಿನಲ್ಲೇ ಆಗಬೇಕು. ನನ್ನ ಮೊಬೈಲಿನಲ್ಲಿ ತೆರೆದರೆ, ಪಾಸ್‌ವರ್ಡ್ ಹಳೆಯದಾಯಿತು, ಬದಲಿಸಿ ಎಂದಿತು. ದೊಡ್ಡಕ್ಷರ ಬೇಕು, ಅಂಕಿ ಬೇಕು, ಚಿಹ್ನೆ ಬೇಕು. ಆ ಚಿಹ್ನೆ ನಡೆಯುವುದಿಲ್ಲ, ಬೇರೆ ಬೇಕು. ಆ ಮಂಗಳವಾರದ ನನ್ನ ದಿನಚರಿಯಲ್ಲಿ ಐದು ಅಡ್ಡಗೆರೆಗಳಿವೆ, ತಿರಸ್ಕಾರವಾದ ಒಂದೊಂದು ಪಾಸ್‌ವರ್ಡಿಗೆ ಒಂದು. ಐದನೆಯದಕ್ಕೆ ಖಾತೆಯೇ ಬಂದ್ ಆಯಿತು. ಪಕ್ಕದಲ್ಲಿ ದೊಡ್ಡವ್ವ ಉಸಿರಿಗಾಗಿ ಗೋಡೆ ಹಿಡಿದು ಕೂತಿದ್ದರು. ಯಾವ ಕಳ್ಳನಿಗೆ ಬೇಕಿತ್ತು ಅವರ ಕೆಮ್ಮು?

ಸಹಾಯವಾಣಿಗೆ ಫೋನ್ ಹಚ್ಚಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಬಂದಳು.

"ಸೆಕ್ಯೂರಿಟಿ ಪ್ರಶ್ನೆ ಇದೆ ಮೇಡಂ. ಗಂಡನ ಪೂರ್ತಿ ಹೆಸರು. ಪೇಷಂಟೇ ಹೇಳಬೇಕು, ಕಾಲ್ ರೆಕಾರ್ಡ್ ಆಗುತ್ತೆ."

ದೊಡ್ಡವ್ವ ನನ್ನ ಮುಖ ನೋಡಿದರು. ದೊಡ್ಡಪ್ಪ ಫೋನ್ ಕಸಿದುಕೊಂಡು, "ಅದು ನನ್ನ ಹೆಸರವಾ, ನಾನಽ ಹೇಳತೀನಿ ತಗೊ" ಎಂದು ಪೂರ್ತಿ ಹೇಳಿಬಿಟ್ಟರು.

"ಸಾರಿ ಸರ್, ನೀವು ಹೇಳಿದ್ರೆ ನಡೆಯಲ್ಲ."

"ನನ್ನ ಹೆಸರು ನಾ ಹೇಳಿದ್ರ ನಡಿಯೂದಿಲ್ಲಾ? ಹಂಗಾರ ಯಾರ್ ಹೇಳಬೇಕು, ನಿಮ್ಮಪ್ಪ?"

ನಾನು ಫೋನನ್ನು ದೊಡ್ಡವ್ವನ ಬಾಯಿಯ ಹತ್ತಿರ ಹಿಡಿದೆ. ಅವರು ಸೆರಗು ಸರಿಮಾಡಿಕೊಂಡರು. ಗಿರಣಿ ಗಾಲಿ ಗರಗರ ಎನ್ನುವಷ್ಟರಲ್ಲಿ ಕೆಮ್ಮು ಬಂತು. ನೀರು ಕುಡಿದು ಮತ್ತೆ ಮೊದಲಿನಿಂದ ಹೇಳಿ ಹೆಸರಿಗೆ ಮುಟ್ಟಿಸಿದರು. ಆ ಕಡೆ ಹುಡುಗಿ ನಕ್ಕಿದ್ದು ಕೇಳಿಸಿತು.

"ಹಾಡು ಬೇಡ ಅಮ್ಮ. ಮೊದಲ ಹೆಸರು ಬಂತು. ಅವರ ತಂದೆ ಹೆಸರು, ಅಡ್ಡಹೆಸರು ಸೇರಿಸಿ ಹೇಳಿ."

"ಮಾವನೋರ ಹೆಸರಾ? ಅವರ ಹೆಸರಿಗೆ ಒಡಪಿಲ್ಲವಾ ತಂಗಿ. ಹಿರೇರು. ಹೆಂಗ್ ಬಾಯಾಗ ತರ್ಲಿ?"

"ಹಾಗಾದ್ರೆ ನಾನೇನೂ ಮಾಡೋಕಾಗಲ್ಲ. ನಿಮ್ಮ ಸುರಕ್ಷತೆಗೋಸ್ಕರವೇ ಇದು."

ಫೋನ್ ಕಟ್ಟಾಯಿತು. ನಾನು ಕೂಗಾಡಿದೆ. ದೊಡ್ಡವ್ವ ಮಾತ್ರ, "ಬಿಡವಾ, ಅದೂ ಒಂದ್ ಕೂಸು. ಹೇಳಿಕೊಟ್ಟಷ್ಟ ಹೇಳತೈತಿ" ಎಂದರು. ನನಗೆ ಬಿಡಲು ಆಗಲಿಲ್ಲ. ಈಗಲೂ ಆಗಿಲ್ಲ. ಆಧಾರ್ ಕಾರ್ಡು ಹಿಡಿದು ದೊಡ್ಡಪ್ಪ ತಾವೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ ಖಾತೆ ಬಿಡಿಸಿಕೊಂಡು ಬಂದರು. ಅಷ್ಟರಲ್ಲಿ ಆ ತಿಂಗಳ ಪಾಳಿ ತುಂಬಿತ್ತು. ಮುಂದಿನ ತಿಂಗಳಿಗೆ ಹೆಸರು ಹಚ್ಚಿದರು. ಆ ದಿನದವರೆಗೆ ದೊಡ್ಡವ್ವ ಉಳಿಯಲಿಲ್ಲ.

ಮೊನ್ನೆ ನನ್ನ ಮೊಬೈಲಿಗೆ ಅದೇ ಆಸ್ಪತ್ರೆಯ ಸಂದೇಶ ಬಂತು: ನಿಮ್ಮ ಪಾಸ್‌ವರ್ಡಿನ ಅವಧಿ ಮುಗಿಯುತ್ತಿದೆ. ಖಾತೆಯನ್ನೇ ತೆಗೆದುಹಾಕಿ ಎಂದು ಬರೆದೆ. ಅದಕ್ಕೂ ಖಾತೆದಾರರೇ ಸೆಕ್ಯೂರಿಟಿ ಪ್ರಶ್ನೆಗೆ ಉತ್ತರಿಸಬೇಕಂತೆ. ಮೈ ಉರಿದು ಗಿರಣಿಗೆ ಹೋಗಿ ದೊಡ್ಡಪ್ಪನ ಮುಂದೆ ಓದಿದೆ. ಅವರು ಸಿಟ್ಟಾಗಲಿಲ್ಲ. ಚಟಾಕನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು.

"ಹೇಳಿದ್ಲವಾ, ಕಡೀಕ ಹೇಳಿದ್ಲು," ಎಂದರು. "ಅವತ್ತು ಕರೆಂಟ್ ಹೋಗಿ ಗಿರಣಿ ನಿಂತಿತ್ತು. ಡಬ್ಬಿ ಬಡಿಯಾಕ ಕೈಯಾಗ ಕಸುವಿಲ್ಲ, ಒಡಪು ಹೇಳಾಕ ಉಸರಿಲ್ಲ. ಬರೇ ಹೆಸರು ಹಿಡದು ಕರದ್ಲು. ಆಕಿ ಬಾಯಾಗ ಹಂಗ ಎಂದೂ ಕೇಳಿದ್ದಿಲ್ಲ ನೋಡು. ಯಾರೋ ಗಿರಾಕಿ ಬಂದಾರಂತ ನಾ ಬಾಗಲಕಡೆ ಹೊಳ್ಳಿ ನೋಡಿದ್ನಿ."